ಬುಲ್ಸ್, ವಾರಿಯರ್ಸ್ ಮತ್ತು ನಡೆಯದೇ ಹೋದ ಫೈನಲ್

ಎರಡೂ ತಂಡಗಳನ್ನು ಒಳಗಿನಿಂದ ಬಲ್ಲವರು ಸ್ಟೀವ್ ಕೆರ್. 1995-96ರ ಚಿಕಾಗೊ ಬುಲ್ಸ್‌ನಲ್ಲಿ ಅವರು ಬೆಂಚಿನಿಂದ ಎದ್ದು ಬರುತ್ತಿದ್ದ ಗಾರ್ಡ್. ಆ ಸೀಸನ್‌ನಲ್ಲಿ ಮೂರು ಪಾಯಿಂಟ್ ಗೆರೆಯ ಆಚೆಯಿಂದ ಅವರು ಎಸೆದ ಚೆಂಡುಗಳಲ್ಲಿ ಶೇ 51.5 ರಿಂಗ್ ಒಳಗೆ ಇಳಿದವು. ಇಪ್ಪತ್ತೊಂದು ವರ್ಷದ ನಂತರ, 2016-17ರ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಅವರೇ ಮುಖ್ಯ ಕೋಚ್. ಬುಲ್ಸ್ ಲೀಗ್ ಹಂತದ 82 ಪಂದ್ಯಗಳಲ್ಲಿ 72 ಗೆದ್ದು, ಪ್ಲೇಆಫ್‌ನಲ್ಲಿ 15 ಗೆಲುವು, 3 ಸೋಲಿನೊಂದಿಗೆ ಚಾಂಪಿಯನ್ ಆಯಿತು. ವಾರಿಯರ್ಸ್ 67 ಗೆದ್ದು, ಪ್ಲೇಆಫ್‌ನಲ್ಲಿ 16 ಗೆಲುವು, 1 ಸೋಲು ಕಂಡು ಕಪ್ ಎತ್ತಿತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಚರಿತ್ರೆಯ ಅತ್ಯುತ್ತಮ ತಂಡ ಯಾವುದು ಎಂಬ ಮಾತು ಎಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಈ ಎರಡು ಹೆಸರುಗಳ ಮುಂದೆ.

ಇವೆರಡನ್ನು ಎದುರುಬದುರು ನಿಲ್ಲಿಸಿ ಏಳು ಪಂದ್ಯಗಳ ಸರಣಿ ಆಡಿಸಿದರೆ ಏನಾದೀತು? 2015-16ರಲ್ಲಿ 73 ಪಂದ್ಯ ಗೆದ್ದು ಬುಲ್ಸ್ ದಾಖಲೆಯನ್ನೇ ಮುರಿದ ವಾರಿಯರ್ಸ್ ಇರುವಾಗ ಅದರ ಮರುವರ್ಷದ ತಂಡವೇಕೆ ಎಂದು ಯಾರಾದರೂ ಕೇಳಬಹುದು. ಆ 73 ಗೆಲುವಿನ ತಂಡ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ 3–1 ಮುನ್ನಡೆಯಲ್ಲಿದ್ದೂ ಸೋತಿತು. ಪ್ಲೇಆಫ್ ಲೆಕ್ಕ ಹಾಕಲು ಹೊರಟವರು ಪ್ಲೇಆಫ್ ಗೆದ್ದ ತಂಡವನ್ನೇ ಆರಿಸಿಕೊಳ್ಳಬೇಕು. ಮೇಲಾಗಿ ಆ ಸೋಲಿನ ನಂತರ, 2016ರ ಜುಲೈ 4ರಂದು, ಕೆವಿನ್ ಡ್ಯುರಾಂಟ್ ಈ ತಂಡ ಸೇರುವುದಾಗಿ ಘೋಷಿಸಿದರು. ಅಲ್ಲಿಂದ ಅದು ಬೇರೆಯದೇ ತಂಡ.

ಕಾಲ ಬೇರೆಯಾದ ಆಟಗಾರರನ್ನು ಸೆಣಸಲು ಬಿಡುವ ಹುಚ್ಚು ಹೊಸದೇನಲ್ಲ. 1969ರಲ್ಲಿ ಮುರೇ ವೊರೊನರ್ ಎಂಬ ಅಮೆರಿಕದ ರೇಡಿಯೊ ನಿರ್ಮಾಪಕ ಬಾಕ್ಸರ್‌ಗಳಾದ ರಾಕಿ ಮಾರ್ಸಿಯಾನೊ ಮತ್ತು ಮುಹಮ್ಮದ್ ಅಲಿ ಅವರ ಅಂಕಿಅಂಶಗಳನ್ನು ಕಂಪ್ಯೂಟರಿಗೆ ಊಡಿಸಿದರು. ನಿವೃತ್ತರಾಗಿದ್ದ ಮಾರ್ಸಿಯಾನೊ, ಲೈಸೆನ್ಸ್ ಕಳೆದುಕೊಂಡು ಕೂತಿದ್ದ ಅಲಿ ಇಬ್ಬರೂ ಕ್ಯಾಮೆರಾ ಮುಂದೆ ಬಂದು ಸುತ್ತುಗಳನ್ನು ಅಭಿನಯಿಸಿಕೊಟ್ಟರು. 1970ರ ಜನವರಿ 20ರಂದು ಚಿತ್ರಮಂದಿರಗಳಲ್ಲಿ ಅದು ತೆರೆಕಂಡಾಗ 13ನೇ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದರು. ಅದನ್ನು ನೋಡಲು ಅವರೇ ಇರಲಿಲ್ಲ. ಐದು ತಿಂಗಳ ಹಿಂದೆ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಈಗ ವಿಡಿಯೊ ಗೇಮ್‌ಗಳು ಇಂಥ ಪಂದ್ಯಗಳನ್ನು ದಿನವೂ ಆಡಿಸುತ್ತವೆ. ಆದರೆ ಯಂತ್ರ ಕೊಡುವುದು ಅಂಕಪಟ್ಟಿ ಮಾತ್ರ, ಆ ಅಂಕ ಹೇಗೆ ಬಂತು ಎಂಬ ವಿವರಣೆಯನ್ನಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ವಿವರಣೆಯೇ ಮುಖ್ಯ. ಏಕೆಂದರೆ 1996 ಮತ್ತು 2017ರ ನಡುವೆ ಆಟಗಾರರಷ್ಟೇ ಬದಲಾಗಲಿಲ್ಲ, ಆಟದ ಕಾನೂನೇ ಬದಲಾಯಿತು.

ಹಾಗಾಗಿ ಸರಣಿಗೆ ಮುಂಚೆ ಒಂದು ಕರಾರು ಮಾಡಿಕೊಳ್ಳೋಣ. ಆಟಗಾರರು ಆಗ ಹೇಗಿದ್ದರೋ ಹಾಗೆಯೇ ಬರುತ್ತಾರೆ. ಬುಲ್ಸ್‌ನ ಮೈಕಲ್ ಜೋರ್ಡನ್ ಇಂದಿನ ಕಾಲದಲ್ಲಿ ಹುಟ್ಟಿದ್ದರೆ ದಿನಕ್ಕೆ ಐನೂರು ತ್ರೀ ಪಾಯಿಂಟರ್ ಅಭ್ಯಾಸ ಮಾಡುತ್ತಿದ್ದರು ಎಂಬಂಥ ವಾದಕ್ಕೆ ಜಾಗವಿಲ್ಲ. ಲೀಗ್ ಹಂತದಲ್ಲಿ ಹೆಚ್ಚು ಗೆದ್ದದ್ದು ಬುಲ್ಸ್, ಆದ್ದರಿಂದ 1, 2, 5 ಮತ್ತು 7ನೇ ಪಂದ್ಯ ಚಿಕಾಗೊದ ಯುನೈಟೆಡ್ ಸೆಂಟರ್‌ನಲ್ಲಿ. 3, 4 ಮತ್ತು 6ನೇ ಪಂದ್ಯ ಓಕ್‌ಲ್ಯಾಂಡ್‌ನ ಒರಾಕಲ್ ಅರೀನಾದಲ್ಲಿ. ಚಿಕಾಗೊದಲ್ಲಿ 1996ರ ನಿಯಮ, ಓಕ್‌ಲ್ಯಾಂಡ್‌ನಲ್ಲಿ 2017ರ ನಿಯಮ. ಇದಕ್ಕಿಂತ ನ್ಯಾಯವಾದ ಏರ್ಪಾಡು ನನಗೆ ಹೊಳೆಯುತ್ತಿಲ್ಲ.

ಹಳೆಯ ನಿಯಮದಲ್ಲಿ ಆಡಿಸಿದರೆ ಬುಲ್ಸ್ ಗೆಲ್ಲುತ್ತದೆ, ಹೊಸದರಲ್ಲಿ ವಾರಿಯರ್ಸ್ ಗೆಲ್ಲುತ್ತದೆ ಎನ್ನುವುದು ಈ ಚರ್ಚೆಯಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು. ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಮೊದಲು ಗೆರೆಯನ್ನೇ ನೋಡಿ. ಎನ್‌ಬಿಎ ಮೂರು ಪಾಯಿಂಟ್ ಗೆರೆ ಎಳೆದದ್ದು 1979-80ರಲ್ಲಿ. ರಿಂಗ್‌ನಿಂದ ಅದರ ದೂರ 23 ಅಡಿ 9 ಇಂಚು, ಮೂಲೆಗಳಲ್ಲಿ 22 ಅಡಿ. ಆದರೆ 1994-95ರಿಂದ ಮೂರು ಸೀಸನ್‌ ಮಟ್ಟಿಗೆ, ಅಂಕಗಳು ಕಡಿಮೆಯಾಗುತ್ತಿವೆ ಎಂಬ ಚಿಂತೆಯಿಂದ ಲೀಗ್ ಆ ಗೆರೆಯನ್ನು ಸುತ್ತಲೂ 22 ಅಡಿಗೆ ಒಳಕ್ಕೆ ತಂದಿತು. 72 ಗೆಲುವಿನ ಬುಲ್ಸ್ ಆಡಿದ್ದು ಈ ಹತ್ತಿರದ ಗೆರೆಯಲ್ಲಿ. ಆ ವರ್ಷ ಮೈಕಲ್ ಜೋರ್ಡನ್ ಅವರ ತ್ರೀ ಪಾಯಿಂಟ್ ಯಶಸ್ಸು ಶೇ 42.7. ಗೆರೆ ಹಿಂದಕ್ಕೆ ಹೋದ 1997-98ರಲ್ಲಿ ಅದೇ ಜೋರ್ಡನ್ ಗಳಿಸಿದ್ದು ಶೇ 23.8. ಎರಡಡಿ ಕೂಡ ಇಲ್ಲದ ಅಂತರ ಜಗತ್ತಿನ ಶ್ರೇಷ್ಠ ಆಟಗಾರನಿಗೇ ಇಷ್ಟು ವ್ಯತ್ಯಾಸ ಮಾಡಿತು. ಈಗ ತಿರುಗಿಸಿ ಯೋಚಿಸಿ. ಗೆರೆಗಿಂತ ಮಾರುದೂರ ಹಿಂದೆ ನಿಂತೇ ಎಸೆಯುವ ವಾರಿಯರ್ಸ್‌ನ ಸ್ಟೆಫ್ ಕರಿ ಅವರಿಗೆ, ಒಂದೇ ಸೀಸನ್‌ನಲ್ಲಿ 402 ತ್ರೀ ಪಾಯಿಂಟರ್ ಹಾಕಿ ದಾಖಲೆ ಬರೆದವರಿಗೆ, ಚಿಕಾಗೊದಲ್ಲಿ ಈ ಗೆರೆ ಇನ್ನೂ ಹತ್ತಿರ ಬರುತ್ತದೆ. ಜೊತೆಗೆ ಕ್ಲೇ ಥಾಂಪ್ಸನ್ ಇದ್ದಾರೆ. 2016ರ ಡಿಸೆಂಬರ್ 5ರಂದು ಇಂಡಿಯಾನಾ ವಿರುದ್ಧ ಬರೀ 29 ನಿಮಿಷ ಕೋರ್ಟ್‌ನಲ್ಲಿದ್ದು 60 ಪಾಯಿಂಟ್ ಗಳಿಸಿದ ಆಟಗಾರ ಅವರು. ಹಳೆಯ ಗೆರೆ ಬುಲ್ಸ್‌ಗಿಂತ ವಾರಿಯರ್ಸ್‌ಗೇ ಹೆಚ್ಚು ಕೊಡುತ್ತದೆ.

ಎರಡನೆಯದು ಇಲ್ಲೀಗಲ್ ಡಿಫೆನ್ಸ್. 2001ರವರೆಗೆ ಎನ್‌ಬಿಎಯಲ್ಲಿ ಝೋನ್ ಡಿಫೆನ್ಸ್‌ಗೆ ಅವಕಾಶವಿರಲಿಲ್ಲ. ಪ್ರತಿ ಡಿಫೆಂಡರ್ ತನ್ನ ಪಾಲಿನ ಎದುರಾಳಿಯ ಹತ್ತಿರವೇ ಇರಬೇಕು, ಇಲ್ಲವೇ ಚೆಂಡು ಹಿಡಿದವನ ಮೇಲೆ ಪೂರ್ತಿಯಾಗಿ ಹೋಗಿ ಬೀಳಬೇಕು. ನಡುವೆ ಸುಮ್ಮನೆ ಕಾದು ನಿಂತರೆ ಮೊದಲ ಸಲ ಎಚ್ಚರಿಕೆ, ಆಮೇಲೆ ಎದುರಾಳಿಗೆ ಫ್ರೀ ಥ್ರೋ. ಈ ನಿಯಮ ಜೋರ್ಡನ್ ಅವರಿಗೆ ವರವಾಗಿತ್ತು ಎಂಬುದು ನಿಜ. ಒಂದು ಬದಿಯನ್ನು ಖಾಲಿ ಮಾಡಿಕೊಟ್ಟರೆ ಎದುರಿಗಿದ್ದ ಒಬ್ಬನೇ ಡಿಫೆಂಡರ್‌ನನ್ನು ಅವರು ತಮ್ಮಿಷ್ಟದಂತೆ ಕುಣಿಸಬಹುದಿತ್ತು. 2017ರ ನಿಯಮದಲ್ಲಿ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಅಷ್ಟು ಸಲೀಸಾಗಿ ಬಿಡುವುದಿಲ್ಲ. ಆ ವರ್ಷದ ಶ್ರೇಷ್ಠ ಡಿಫೆಂಡರ್ ಪ್ರಶಸ್ತಿ ಪಡೆದ ಗ್ರೀನ್, ಬುಲ್ಸ್‌ನ ಡೆನಿಸ್ ರಾಡ್‌ಮನ್ ಅವರನ್ನು ಹೊರಗೆ ಒಂಟಿಯಾಗಿ ಬಿಟ್ಟು ರಿಂಗ್ ಕೆಳಗೆ ಬಂದು ನಿಲ್ಲುತ್ತಾರೆ. ರಾಡ್‌ಮನ್ ದೂರದಿಂದ ಎಸೆಯುವವರಲ್ಲ, ಅವರನ್ನು ಬಿಟ್ಟರೆ ನಷ್ಟವಿಲ್ಲ.

ಆದರೆ ಅದೇ ಹಳೆಯ ನಿಯಮ ಬುಲ್ಸ್‌ನ ಡಿಫೆನ್ಸ್ ಅನ್ನೂ ಕಟ್ಟಿಹಾಕುತ್ತದೆ. ವಾರಿಯರ್ಸ್ ಸೆಂಟರ್ ಝಾಝಾ ಪಚುಲಿಯಾ ಅಪಾಯದ ಆಟಗಾರನಲ್ಲ. ಅವರನ್ನು ಕಾಯುವ ಬುಲ್ಸ್ ಡಿಫೆಂಡರ್ ಅವರನ್ನು ಬಿಟ್ಟು ಹೋಗಿ ಬೇರೆಯವರಿಗೆ ನೆರವಾಗಬಹುದಿತ್ತು. ಚಿಕಾಗೊದಲ್ಲಿ ಅದು ತಪ್ಪು, ಓಕ್‌ಲ್ಯಾಂಡ್‌ನಲ್ಲಿ ಸರಿ. ಬುಲ್ಸ್‌ನ ಸ್ಕಾಟಿ ಪಿಪ್ಪೆನ್ ಅವರಂತೆ ಉದ್ದ ತೋಳು, ಚುರುಕು ಕಣ್ಣು ಇರುವ ಡಿಫೆಂಡರ್‌ಗೆ ಅಂಕಣದಲ್ಲಿ ಮನಬಂದಂತೆ ಅಡ್ಡಾಡಲು ಬಿಡುವುದು ಹೊಸ ನಿಯಮ. ಹೊಸ ಕಾಲದಲ್ಲಿ ಪಿಪ್ಪೆನ್ ಇನ್ನೂ ದೊಡ್ಡ ಡಿಫೆಂಡರ್ ಆಗುತ್ತಿದ್ದರು ಎಂದೇ ನನ್ನ ನಂಬಿಕೆ.

ಮೂರನೆಯದು ಕೈ. ಡ್ರಿಬಲ್ ಮಾಡುವವನ ಸೊಂಟದ ಮೇಲೆ ಕೈಯಿಟ್ಟು ಅವನ ವೇಗವನ್ನು ತಗ್ಗಿಸುವ ಹ್ಯಾಂಡ್ ಚೆಕ್ ಅನ್ನು 1994ರಲ್ಲೇ ಒಂದಿಷ್ಟು ಬಿಗಿ ಮಾಡಿದ್ದರೂ ಪೂರ್ತಿ ಕಡಿವಾಣ ಬಿದ್ದದ್ದು 2004-05ರ ಸೀಸನ್‌ನಲ್ಲಿ. ಬುಲ್ಸ್‌ಗೆ ನಿಜವಾದ ಅನುಕೂಲ ಇರುವುದು ಇಲ್ಲಿ. 6 ಅಡಿ 6 ಇಂಚಿನ ರಾನ್ ಹಾರ್ಪರ್, 6 ಅಡಿ 3 ಇಂಚಿನ ಕರಿ ಅವರ ಪಕ್ಕೆಗೆ ಅಂಟಿಕೊಂಡು, ಸಹ ಆಟಗಾರ ಅಡ್ಡ ನಿಂತು ಕೊಡುವ ಸ್ಕ್ರೀನ್ ಸುತ್ತಿ ಬರುವ ಪ್ರತಿ ಸಲವೂ ಮೊಣಕೈ ತಾಗಿಸಿ, ಭುಜ ಕೊಟ್ಟು ಸುಸ್ತು ಮಾಡಬಹುದು. ಚೆಂಡಿಲ್ಲದಾಗಲೂ ಓಡುತ್ತಲೇ ಇರುವುದು ಕರಿ ಅವರ ಆಟದ ಜೀವಾಳ. ಆ ಓಟಕ್ಕೆ ತಡೆ ಬಿದ್ದರೆ ವಾರಿಯರ್ಸ್ ಯಂತ್ರ ನಿಧಾನವಾಗುತ್ತದೆ. ಹಾರ್ಪರ್ ಹೆಸರು ಜನರಿಗೆ ಹೆಚ್ಚು ನೆನಪಿಲ್ಲ, ಆದರೆ ಅವರ ಬೆಲೆ ಎಷ್ಟೆಂದು 1996ರ ಫೈನಲ್ ತೋರಿಸಿತು. ಮೊಣಕಾಲು ನೋವಿನಿಂದ ಅವರು ಸರಿಯಾಗಿ ಆಡಲಾಗದ 4 ಮತ್ತು 5ನೇ ಪಂದ್ಯಗಳಲ್ಲೇ ಬುಲ್ಸ್, ಸಿಯಾಟಲ್ ಎದುರು ಸೋತದ್ದು.

ಇನ್ನು ಅಂಕಿಗಳು. ಲೀಗ್ ಹಂತದಲ್ಲಿ ಬುಲ್ಸ್ ಎದುರಾಳಿಗಿಂತ ಪಂದ್ಯಕ್ಕೆ ಸರಾಸರಿ 12ಕ್ಕೂ ಹೆಚ್ಚು ಪಾಯಿಂಟ್ ಮುಂದಿತ್ತು, ವಾರಿಯರ್ಸ್ 11ಕ್ಕೂ ಹೆಚ್ಚು. ಹೆಚ್ಚುಕಡಿಮೆ ಸಮ. ಆದರೆ 1995ರಲ್ಲಿ ಟೊರಾಂಟೊ, ವ್ಯಾಂಕೂವರ್ ಎಂಬ ಎರಡು ಹೊಸ ತಂಡಗಳು ಲೀಗ್‌ಗೆ ಬಂದಿದ್ದವು. ಒಂದು 21 ಪಂದ್ಯ, ಇನ್ನೊಂದು 15 ಪಂದ್ಯವಷ್ಟೇ ಗೆದ್ದವು. ಬುಲ್ಸ್‌ಗೆ ಹಸಿ ತಂಡಗಳು ಸಿಕ್ಕವು ಎಂಬ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಅದೇ ಟೊರಾಂಟೊ 1996ರ ಮಾರ್ಚ್ 24ರಂದು ಬುಲ್ಸ್ ಅನ್ನು 109–108ರಿಂದ ಸೋಲಿಸಿತ್ತು ಎಂಬುದನ್ನೂ ಮರೆಯಬಾರದು. ವಾರಿಯರ್ಸ್ ಮೇಲಿನ ಆಕ್ಷೇಪವೂ ಕಡಿಮೆಯದಲ್ಲ. ಹೊಸ ಟಿವಿ ಒಪ್ಪಂದದಿಂದ 2016ರಲ್ಲಿ ತಂಡಗಳ ಸಂಬಳದ ಮಿತಿ 7 ಕೋಟಿ ಡಾಲರ್‌ನಿಂದ 9.4 ಕೋಟಿ ಡಾಲರ್‌ಗೆ ಒಮ್ಮೆಲೇ ಜಿಗಿಯಿತು. ಕಾಲುಗಂಟಿನ ಗಾಯದ ದಿನಗಳಲ್ಲಿ ಸಹಿ ಹಾಕಿದ್ದ ಕರಿ ಆಗಿನ್ನೂ ಅಗ್ಗದ ಒಪ್ಪಂದದಲ್ಲಿದ್ದರು. ಇವೆರಡೂ ಕೂಡಿ ಬಾರದಿದ್ದರೆ ಡ್ಯುರಾಂಟ್ ಅವರಿಗೆ ಆ ತಂಡದಲ್ಲಿ ಜಾಗವೇ ಇರುತ್ತಿರಲಿಲ್ಲ. ಕಾಲ ಎರಡೂ ತಂಡಗಳಿಗೆ ಒಂದೊಂದು ಉಡುಗೊರೆ ಕೊಟ್ಟಿದೆ. ಆ ಲೆಕ್ಕ ಚುಕ್ತಾ.

ಸರಣಿಯ ತಿರುಳು ಇರುವುದು ಯಾರು ಯಾರನ್ನು ಕಾಯುತ್ತಾರೆ ಎಂಬುದರಲ್ಲಿ. ಜೋರ್ಡನ್, ಪಿಪ್ಪೆನ್, ರಾಡ್‌ಮನ್ ಮೂವರೂ ಆ ವರ್ಷ ಲೀಗ್‌ನ ಮೊದಲ ಡಿಫೆನ್ಸ್ ತಂಡಕ್ಕೆ ಆಯ್ಕೆಯಾದವರು. ಒಂದೇ ತಂಡದಲ್ಲಿ ಅಂಥ ಮೂವರು! ಹಾರ್ಪರ್ ಸೇರಿದರೆ ನಾಲ್ವರು ಎತ್ತರದ, ವೇಗದ, ಯಾರ ಮೇಲೆ ಬೇಕಾದರೂ ಬದಲಾಗಿ ನಿಲ್ಲಬಲ್ಲ ಡಿಫೆಂಡರ್‌ಗಳು. ಸ್ಕ್ರೀನ್ ಬಿದ್ದಾಗ ಆಳು ಬದಲಿಸಿಕೊಳ್ಳುವ ಸ್ವಿಚಿಂಗ್ ಈಗ ಪ್ರತಿ ತಂಡದ ಪಾಠ. ಆ ಪಾಠಕ್ಕೆ ಬೇಕಾದ ಮೈಕಟ್ಟು ಬುಲ್ಸ್ ಬಳಿ ಇಪ್ಪತ್ತು ವರ್ಷ ಮೊದಲೇ ಇತ್ತು.

ಆದರೂ ಪಿಪ್ಪೆನ್ ಒಬ್ಬರೇ. 1991ರ ಫೈನಲ್‌ನಲ್ಲಿ ಮ್ಯಾಜಿಕ್ ಜಾನ್ಸನ್ ಅವರನ್ನು ಕೋರ್ಟ್ ಉದ್ದಕ್ಕೂ ಕಾಡಿ ಸರಣಿಯ ದಿಕ್ಕು ತಿರುಗಿಸಿದ್ದು ಅವರು. ಅವರನ್ನು ಕರಿ ಮೇಲೆ ಬಿಟ್ಟರೆ ಡ್ಯುರಾಂಟ್ ಯಾರ ಪಾಲು? ಡ್ಯುರಾಂಟ್ ಮೇಲೆ ಬಿಟ್ಟರೆ ಕರಿ ಹಾರ್ಪರ್ ಪಾಲು, ಥಾಂಪ್ಸನ್ ಜೋರ್ಡನ್ ಪಾಲು. ಎರಡನೆಯದೇ ಸರಿ ಎನ್ನೋಣ. ಆಗಲೂ 6 ಅಡಿ 8 ಇಂಚಿನ ಪಿಪ್ಪೆನ್ ಮುಂದೆ ನಿಂತಿರುವುದು ಏಳಡಿಯ ಹತ್ತಿರದ, ಗಾರ್ಡ್‌ನಂತೆ ಡ್ರಿಬಲ್ ಮಾಡುವ, ಕೈ ಮೇಲೆತ್ತಿದರೆ ಯಾರಿಗೂ ನಿಲುಕದ ಆಟಗಾರ. 1996ರಲ್ಲಿ ಅಂಥ ಆಟಗಾರ ಇರಲೇ ಇಲ್ಲ. ಬುಲ್ಸ್ ಎದುರಿಸಿದ ಎತ್ತರದವರು ರಿಂಗ್ ಕೆಳಗೆ ಆಡುತ್ತಿದ್ದರು, ದೂರದಿಂದ ಆಡುವವರು ಕುಳ್ಳರು.

2017ರ ಫೈನಲ್‌ನ ಮೂರನೇ ಪಂದ್ಯದ ಕೊನೆಯ ನಿಮಿಷವನ್ನು ನೆನಪಿಸಿಕೊಳ್ಳಿ. ಕ್ಲೀವ್‌ಲ್ಯಾಂಡ್ ತನ್ನ ಮನೆಯಂಗಳದಲ್ಲಿ 113–111ರಿಂದ ಮುಂದಿದೆ. ಮೂಲೆಯಿಂದ ಕೈಲ್ ಕೋರ್ವರ್ ಎಸೆದದ್ದು ತಪ್ಪುತ್ತದೆ, ಚೆಂಡು ಡ್ಯುರಾಂಟ್ ಕೈಗೆ. ಅವರು ಯಾರಿಗೂ ಪಾಸ್ ಕೊಡುವುದಿಲ್ಲ, ಟೈಮ್‌ಔಟ್ ಕೇಳುವುದಿಲ್ಲ. ತಾವೇ ಡ್ರಿಬಲ್ ಮಾಡುತ್ತ ಬಂದು, ಹಿಂದಕ್ಕೆ ಹೆಜ್ಜೆಯಿಡುತ್ತಿದ್ದ ಲೆಬ್ರಾನ್ ಜೇಮ್ಸ್ ಮುಂದೆಯೇ ಗೆರೆಯ ಎಡಬದಿಯಲ್ಲಿ ಗಕ್ಕನೆ ನಿಂತು ಎಸೆಯುತ್ತಾರೆ. ಪಂದ್ಯ ಮುಗಿಯಲು 45.3 ಸೆಕೆಂಡ್ ಇರುವಾಗ ವಾರಿಯರ್ಸ್ 114, ಕ್ಲೀವ್‌ಲ್ಯಾಂಡ್ 113. ಲೆಬ್ರಾನ್ ಅವರಷ್ಟು ಎತ್ತರ, ಬಲ, ಬುದ್ಧಿ ಮೂರೂ ಇದ್ದ ಡಿಫೆಂಡರ್ ಎದುರಿಗಿದ್ದೂ ಏನೂ ಮಾಡಲಾಗಲಿಲ್ಲ. ಆ ಸರಣಿಯಲ್ಲಿ ಡ್ಯುರಾಂಟ್ ಸರಾಸರಿ 35.2 ಪಾಯಿಂಟ್. ಪಿಪ್ಪೆನ್ ಇದನ್ನು 30ಕ್ಕೆ ಇಳಿಸಬಲ್ಲರು. ನಿಲ್ಲಿಸಲಾರರು.

ಬುಲ್ಸ್ ಬತ್ತಳಿಕೆಯಲ್ಲಿ ಇದಕ್ಕೆ ಉತ್ತರವೇನು? ಜೋರ್ಡನ್ ಅಂತ ಎಲ್ಲರೂ ಹೇಳುತ್ತಾರೆ. ನಾನು ಮೊದಲು ರಾಡ್‌ಮನ್ ಹೆಸರು ಹೇಳುತ್ತೇನೆ. ಬೇರೆಯವರು ಎಸೆದ ಚೆಂಡು ತಪ್ಪಿದರೆ ಎತ್ತ ಚಿಮ್ಮುತ್ತದೆ ಎಂಬುದನ್ನು ಅವರು ವಿದ್ಯೆಯಾಗಿ ಕಲಿತಿದ್ದರು. ಯಾರ ಎಸೆತಕ್ಕೆ ಎಷ್ಟು ಸುತ್ತು, ಯಾವ ಕೋನದಿಂದ ಬಂದ ಚೆಂಡು ರಿಂಗ್‌ನ ಯಾವ ಅಂಚಿಗೆ ಬಡಿದು ಎಷ್ಟು ದೂರ ಸಿಡಿಯುತ್ತದೆ ಎಂದು ಅಭ್ಯಾಸದಲ್ಲಿ ನಿಂತು ನೋಡುತ್ತಿದ್ದರು. 6 ಅಡಿ 7 ಇಂಚಿನವರಾದರೂ ಪಂದ್ಯಕ್ಕೆ 14.9 ರೀಬೌಂಡ್. 1996ರ ಫೈನಲ್‌ನ ಆರನೇ ಪಂದ್ಯದಲ್ಲಿ ಜೋರ್ಡನ್ ಎಸೆದ 19ರಲ್ಲಿ ಒಳಗೆ ಬಿದ್ದದ್ದು ಬರೀ 5. ಆದರೂ ಬುಲ್ಸ್ 87–75ರಿಂದ ಗೆದ್ದಿತು. ಅಂದು ರಾಡ್‌ಮನ್ ಹಿಡಿದ 19 ರೀಬೌಂಡ್‌ಗಳಲ್ಲಿ 11 ತಮ್ಮದೇ ತಂಡದವರು ತಪ್ಪಿಸಿದ ಚೆಂಡುಗಳು. ಅಂದರೆ ಎದುರಾಳಿಗೆ ಹೋಗಬೇಕಿದ್ದ ಹನ್ನೊಂದು ಅವಕಾಶಗಳನ್ನು ಅವರು ಕಿತ್ತು ತಂದರು. ಜೋರ್ಡನ್ ಪಂದ್ಯ ಮುಗಿದ ಮೇಲೆ ಚೆಂಡು ತಬ್ಬಿ ಅತ್ತ ದೃಶ್ಯ ಎಲ್ಲರಿಗೂ ಗೊತ್ತು. ಅಂದು ಅಪ್ಪಂದಿರ ದಿನ, ಅವರ ತಂದೆ 1993ರಲ್ಲಿ ಕೊಲೆಯಾಗಿದ್ದರು. ಆ ಕಣ್ಣೀರಿನ ಹಿಂದೆ ರಾಡ್‌ಮನ್ ಅವರ ಆ ಹನ್ನೊಂದು ಚೆಂಡುಗಳಿವೆ.

ಚಿಕ್ಕ ಮೈಯ ಐವರನ್ನಿಟ್ಟು ಆಡುವ ವಾರಿಯರ್ಸ್‌ಗೆ ಇದೇ ನೋವಿನ ಜಾಗ. ಗ್ರೀನ್ ಅವರನ್ನೇ ಸೆಂಟರ್ ಮಾಡಿ, ಆಂಡ್ರೆ ಇಗುಡಾಲಾ ಅವರನ್ನು ತಂದು ಕೋರ್ಟ್ ತೆರೆದಿಡುವುದು ಅವರ ಬ್ರಹ್ಮಾಸ್ತ್ರ. ಆ ಐವರು ಬಂದ ಕೂಡಲೇ ಬುಲ್ಸ್‌ನ ಆಸ್ಟ್ರೇಲಿಯಾದ ಸೆಂಟರ್ ಲುಕ್ ಲಾಂಗ್ಲೆ ಬೆಂಚಿಗೆ ಹೋಗಲೇಬೇಕು, ಅಷ್ಟು ದೂರ ಓಡಿ ಕಾಯುವುದು ಅವರಿಂದಾಗದು. ಆದರೆ ಕೋಚ್ ಫಿಲ್ ಜಾಕ್ಸನ್ ಬಳಿ ಜವಾಬಿದೆ: ಹಾರ್ಪರ್, ಜೋರ್ಡನ್, ಪಿಪ್ಪೆನ್, ಟೋನಿ ಕುಕೋಚ್, ಸೆಂಟರ್ ಜಾಗದಲ್ಲಿ ರಾಡ್‌ಮನ್. ಕ್ರೊಯೇಷಿಯಾದ ಕುಕೋಚ್ ಎತ್ತರದವರು, ಪಾಸ್ ಬಲ್ಲವರು, ದೂರದಿಂದಲೂ ಎಸೆಯುವವರು. ಬೆಂಚಿನಿಂದ ಬರುವವರಿಗೆ ಕೊಡುವ ಶ್ರೇಷ್ಠ ಆರನೇ ಆಟಗಾರ ಪ್ರಶಸ್ತಿ ಆ ವರ್ಷ ಅವರದೇ. ಈ ಐವರ ವಿರುದ್ಧ ಆ ಐವರು. ಬ್ಯಾಸ್ಕೆಟ್‌ಬಾಲ್ ಪ್ರೀತಿಸುವವರು ನೋಡಲು ಹಂಬಲಿಸುವ ನಿಮಿಷಗಳು ಇವೇ.

ದಾಳಿಯಲ್ಲಿ ಬುಲ್ಸ್ ಕಲಿತದ್ದು ಸಹಾಯಕ ಕೋಚ್ ಟೆಕ್ಸ್ ವಿಂಟರ್ ಅವರ ಟ್ರಯಾಂಗಲ್. ಒಂದು ಬದಿಯಲ್ಲಿ ಮೂವರು ತ್ರಿಕೋನವಾಗಿ, ಇನ್ನೊಂದು ಬದಿಯಲ್ಲಿ ಇಬ್ಬರು ನಿಲ್ಲುತ್ತಾರೆ. ಮೊದಲೇ ಗೊತ್ತು ಮಾಡಿದ ನಡೆಯಿಲ್ಲ, ಡಿಫೆನ್ಸ್ ಏನು ಮಾಡುತ್ತದೋ ಅದಕ್ಕೆ ತಕ್ಕ ಪಾಸ್, ತಕ್ಕ ಓಟ. ಜೋರ್ಡನ್ ರಿಂಗ್‌ಗೆ ಬೆನ್ನು ಹಾಕಿ ಚೆಂಡು ಪಡೆದು, ಭುಜ ಅಲುಗಿಸಿ, ಹಿಂದಕ್ಕೆ ಬಾಗಿ ಎಸೆಯುವ ಜಾಗವೂ ಇದೇ ತ್ರಿಕೋನದ ಒಳಗೆ. ಕರಿ ಅವರನ್ನು ಯಾರ ಮೇಲೆ ನಿಲ್ಲಿಸಿದರೂ ಬುಲ್ಸ್ ಆ ಆಟಗಾರನನ್ನು ಒಳಕ್ಕೆ ಕಳಿಸಿ ಎತ್ತರದ ಲಾಭ ಪಡೆಯುತ್ತದೆ. ಆದರೆ ಎದುರು ಬೆಂಚಿನಲ್ಲಿ ಕೂತಿರುವ ಕೆರ್ ಈ ಟ್ರಯಾಂಗಲ್‌ನ ಒಳಗೇ ಬೆಳೆದವರು. ಅದರ ಪ್ರತಿ ಪಾಸ್ ಎಲ್ಲಿಗೆ ಹೋಗುತ್ತದೆಂದು ಬಲ್ಲರು. ಅದರ ಅಂಶಗಳನ್ನೇ ತಮ್ಮ ತಂಡಕ್ಕೂ ಕಲಿಸಿದವರು. ವಾರಿಯರ್ಸ್ ಆ ವರ್ಷ ಪಂದ್ಯಕ್ಕೆ 30ಕ್ಕೂ ಹೆಚ್ಚು ಅಸಿಸ್ಟ್ ಮಾಡಿದ್ದು ಸುಮ್ಮನೆ ಅಲ್ಲ.

ಕೊನೆಗೆ ಉಳಿಯುವುದು ಸರಳ ಗಣಿತ. ಎರಡು ಪಾಯಿಂಟ್‌ನ ಎಸೆತ ಅರ್ಧದಷ್ಟು ಬಿದ್ದರೆ ಒಂದು ಎಸೆತಕ್ಕೆ ಒಂದು ಪಾಯಿಂಟ್. ಮೂರು ಪಾಯಿಂಟ್‌ನದು ಶೇ 40 ಬಿದ್ದರೆ 1.2 ಪಾಯಿಂಟ್. ಬುಲ್ಸ್ ಪಂದ್ಯಕ್ಕೆ ಸುಮಾರು 16 ಸಲ ದೂರದಿಂದ ಎಸೆಯುತ್ತಿತ್ತು, ವಾರಿಯರ್ಸ್ ಸುಮಾರು 31 ಸಲ. ರಾಡ್‌ಮನ್ ತಂದುಕೊಡುವ ಹೆಚ್ಚುವರಿ ಚೆಂಡುಗಳು ಈ ಅಂತರದ ಬಹುಪಾಲನ್ನು ತುಂಬುತ್ತವೆ, ಎಲ್ಲವನ್ನೂ ಅಲ್ಲ.

ನನ್ನ ಲೆಕ್ಕದಲ್ಲಿ ಸರಣಿ ಹೀಗೆ ಸಾಗುತ್ತದೆ. ಮೊದಲ ಪಂದ್ಯ ಬುಲ್ಸ್‌ಗೆ. ಹಾರ್ಪರ್ ಕೈಯೇಟು ಕರಿ ಅವರಿಗೆ ಹೊಸದು, ರೆಫರಿ ಸೀಟಿ ಊದುವುದಿಲ್ಲ ಎಂಬುದು ಅರಿವಾಗುವಷ್ಟರಲ್ಲಿ ಪಂದ್ಯ ಕೈಬಿಟ್ಟಿರುತ್ತದೆ. ಎರಡನೆಯದರಲ್ಲಿ ಹತ್ತಿರದ ಗೆರೆ ಥಾಂಪ್ಸನ್ ಕಣ್ಣಿಗೆ ಬೀಳುತ್ತದೆ, 1–1. ಓಕ್‌ಲ್ಯಾಂಡ್‌ನ ಎರಡೂ ಪಂದ್ಯ ವಾರಿಯರ್ಸ್‌ಗೆ. ಗ್ರೀನ್ ರಿಂಗ್ ಕೆಳಗೆ ಕಾವಲು ನಿಂತಾಗ ಜೋರ್ಡನ್ ಅವರ ದಾರಿ ಕಿರಿದಾಗುತ್ತದೆ. ಐದನೆಯದು ಚಿಕಾಗೊದಲ್ಲಿ, ಜೋರ್ಡನ್ ಒಬ್ಬರೇ ಹೊತ್ತು ಗೆಲ್ಲಿಸುವ ಪಂದ್ಯ. ಆಡಿದ ಆರು ಫೈನಲ್‌ಗಳಲ್ಲಿ ಒಂದನ್ನೂ ಏಳನೇ ಪಂದ್ಯಕ್ಕೆ ಬಿಡದೆ ಗೆದ್ದ ಆಟಗಾರ ಸರಣಿಯ ಕೊನೆಯನ್ನು ಮನೆಯಂಗಳದಲ್ಲಿ ಒಪ್ಪಿಕೊಳ್ಳುವುದಿಲ್ಲ. ಆರನೆಯದು ಓಕ್‌ಲ್ಯಾಂಡ್‌ನಲ್ಲಿ, ಕೊನೆಯ ನಿಮಿಷದವರೆಗೂ ಸಮ. ಅಲ್ಲಿ ಚೆಂಡು ಡ್ಯುರಾಂಟ್ ಕೈಗೆ ಬರುತ್ತದೆ.

ಜೋರ್ಡನ್, ಡ್ಯುರಾಂಟ್ ಇಬ್ಬರಲ್ಲಿ ಜೋರ್ಡನ್ ಅವರೇ ದೊಡ್ಡ ಆಟಗಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನೆಟ್‌ಫ್ಲಿಕ್ಸ್‌ನ ‘ದಿ ಲಾಸ್ಟ್ ಡಾನ್ಸ್’ ನೋಡಿ ಅವರ ಅಭಿಮಾನಿಯಾದ ಹುಡುಗರಿಗೂ ಅದನ್ನೇ ಹೇಳುತ್ತೇನೆ. ಆದರೆ ಸರಣಿ ಆಡುವುದು ತಂಡ. ಬುಲ್ಸ್‌ಗೆ ನಾಲ್ಕು ಪಂದ್ಯಗಳ ಮನೆ, ತನ್ನದೇ ನಿಯಮ ಎಲ್ಲ ಕೊಟ್ಟರೂ ವಾರಿಯರ್ಸ್ 4–2. ಒಪ್ಪದವರು 1996ರ ಫೈನಲ್‌ನ ಆರನೇ ಪಂದ್ಯವನ್ನೂ 2017ರ ಫೈನಲ್‌ನ ಮೂರನೇ ಪಂದ್ಯವನ್ನೂ ಒಂದೇ ದಿನ ಕೂತು ಪೂರ್ತಿ ನೋಡಿ, ಮೊದಲನೆಯದರಲ್ಲಿ ರಾಡ್‌ಮನ್ ಕಾಲುಗಳನ್ನು, ಎರಡನೆಯದರಲ್ಲಿ ಚೆಂಡಿಲ್ಲದ ಕರಿ ಅವರನ್ನು ಗಮನಿಸಿ, ನಂತರ ತಮ್ಮ ತೀರ್ಪು ಬರೆದು ಕಳುಹಿಸಲಿ.